ಮನೋವೈದ್ಯನ ಆತ್ಮಕಥೆಯಲ್ಲಿ ತಂದೆಯ ಸ್ಥಾನ



ಪರರ ಮನಸ್ಸಿನ ಗಂಟುಗಳನ್ನು ಬಿಡಿಸುವುದನ್ನೇ ವೃತ್ತಿಯಾಗಿಸಿಕೊಂಡ ವೈದ್ಯನೊಬ್ಬನು ತನ್ನ ಬಾಲ್ಯವನ್ನೂ ತನ್ನ ತಾಯಿತಂದೆಗಳನ್ನೂ ಕುರಿತು ಬರೆಯಲು ಕುಳಿತರೆ ಏನನ್ನು ಬರೆದಾನು? ಊರವರ ಗಂಟುಗಳನ್ನು ಬಿಡಿಸಿದ ಆ ಕೈ ತನ್ನ ಮನೆಯ ಗಂಟನ್ನೂ ಬಿಡಿಸೀತೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಸ್ವಿಟ್ಜರ್ಲೆಂಡಿನ ಸುಪ್ರಸಿದ್ಧ ಮನೋವೈದ್ಯರಾದ ಕಾರ್ಲ್ ಗುಸ್ತಾವ್ ಯೂಂಗರ ಆತ್ಮಕಥೆಯನ್ನು ಈ ಸಂಚಿಕೆಯಲ್ಲಿ ನಿಮ್ಮೊಡನೆ ಕೂಡಿ ಪರಿಶೀಲಿಸಬೇಕೆಂದು ನಮ್ಮ ಅಪೇಕ್ಷೆ.

ಯೂಂಗರು 1875ರ ಜುಲೈ 26ರಂದು ಕಾನ್‌ಸ್ಟನ್ಸ್ ಸರೋವರದ ದಡದ ಕೆಸ್‌ವಿಲ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. 1961ರ ಜೂನ್ 6ರಂದು ಜ್ಯೂರಿಕ್ ಸರೋವರದ ದಡದ ಕ್ಯೂಸ್ನಾಖ್ಟ್‌ನಲ್ಲಿ ಕಾಲವಾದರು. ‘ನೆನಪುಗಳು, ಕನಸುಗಳು, ಚಿಂತನೆಗಳು’ ಎಂಬ ಅರ್ಥದ ಹೆಸರುಳ್ಳ ಈ ಗ್ರಂಥವು ಜರ್ಮನ್ ಭಾಷೆಯಲ್ಲಿ 1962ರಲ್ಲಿಯೂ ಇಂಗ್ಲಿಷಿನಲ್ಲಿ 1963ರಲ್ಲಿಯೂ ಹೊರಬಂದಿತು. ಕರ್ತೃವು ಅದನ್ನು ಅಚ್ಚಿನಲ್ಲಿ ನೋಡಲಿಲ್ಲ. ಇದರ ಬಹುಭಾಗವು ಅವರ ಕಾರ್ಯದರ್ಶಿಯಾಗಿದ್ದ ಆನಿಯೆಲಾ ಯಾಫೆ ಎಂಬ ಮಹಿಳೆ 1957ರಿಂದ ಅವರೊಡನೆ ನಡೆಸಿದ ಸಂಭಾಷಣೆಗಳಿಂದ ಸಿದ್ಧವಾದುದು. ಆದರೆ ಬಾಲ್ಯ, ಶಾಲೆ, ವಿದ್ಯಾರ್ಥಿದೆಸೆಗಳನ್ನು ಕುರಿತ ಮೊದಲ ಮೂರು ಅಧ್ಯಾಯಗಳನ್ನು 80 ದಾಟಿದ ಯೂಂಗರು ತಾವೇ ಬರೆದರು. ಗ್ರಂಥದ ಜೀವವಿರುವುದೂ ಆ ಮೂರು ಅಧ್ಯಾಯಗಳಲ್ಲಿಯೇ. ತಮ್ಮ ಸಮಗ್ರ ಕೃತಿಶ್ರೇಣಿಯಲ್ಲಿ ಇದನ್ನು ಸೇರಿಸಕೂಡದೆಂದು ಅವರು ಇಚ್ಛಿಸಿದುದು ಗಮನಾರ್ಹ. ಇದು ಶಾಸ್ತ್ರವಲ್ಲ, ಬಾಳು. ಆದುದರಿಂದ ನಾವೂ ಇದನ್ನು ಬಾಳಿನ ಒರೆಗಲ್ಲಿಗೇ ಹಚ್ಚಿ ನೋಡಬೇಕು.

ದೂರದೇಶದ ವೈದ್ಯರೊಬ್ಬರ ಬಾಳಿನಿಂದ ನಮಗೇನು ಎಂದು ನೀವು ಕೇಳಬಹುದು. ಯೂಂಗರು ಹುಟ್ಟಿದ್ದು ಧರ್ಮಪೀಠದ ಮನೆತನದಲ್ಲಿ. ತಂದೆ ಪೌಲ್ ಯೂಂಗರು ಸುಧಾರಿತ ಕ್ರೈಸ್ತ ಸಂಪ್ರದಾಯದ ಪಾದ್ರಿಗಳು. ಅವರ ಸೋದರರಲ್ಲಿ ಇಬ್ಬರು ಪಾದ್ರಿಗಳು. ತಾಯಿ ಎಮಿಲಿಯವರ ಕಡೆಯಲ್ಲಿ ಆರು ಮಂದಿ ಪಾದ್ರಿಗಳು. ಇಂತಹ ಮನೆಯಲ್ಲಿ ಬೆಳೆದ ಮಗುವಿಗೆ ಧರ್ಮವು ಊಟದ ಜೊತೆಗೇ ಬರುತ್ತದೆ. ಆದರೆ ಹಾಗೆ ಬಂದ ಧರ್ಮವು ಮಗುವಿನ ಒಳಗೆ ಇಳಿಯಿತೇ ಇಲ್ಲವೇ ಎಂಬುದು ಬೇರೆ ಮಾತು. ಮಕ್ಕಳಿಗೆ ಸಂಸ್ಕಾರ ಕೊಡಿಸಿದೆವೆಂದು ಸಮಾಧಾನ ತಾಳಿರುವ ನಮ್ಮೆಲ್ಲರಿಗೂ ಈ ಮಾತು ಸಂಬಂಧಿಸಿದೆ.

ಕಥೆಯ ಮೊದಲ ಭಾಗ ದುಃಖದ್ದು. ಬಾಲಕನಿಗೆ ಮೂರು ವರ್ಷವಾಗಿದ್ದಾಗ ತಾಯಿ ಅಸ್ವಸ್ಥರಾಗಿ ಕೆಲವು ತಿಂಗಳು ಬಾಸೆಲ್ ನಗರದ ಆಸ್ಪತ್ರೆಯಲ್ಲಿ ಇರಬೇಕಾಯಿತು. ದಂಪತಿಗಳಲ್ಲಿ ಹೊಂದಾಣಿಕೆ ಇರಲಿಲ್ಲವೆಂಬ ಸಂಗತಿಯನ್ನು ಯೂಂಗರು ಮುಚ್ಚಿಡುವುದಿಲ್ಲ. ಮಗುವಿನ ಮೈಮೇಲೆ ಇಸುಬು ಎದ್ದಿತು. ಆಗಿನಿಂದ ಪ್ರೀತಿ ಎಂಬ ಶಬ್ದ ಕಿವಿಗೆ ಬಿದ್ದಾಗಲೆಲ್ಲ ತಮಗೆ ಅಪನಂಬಿಕೆಯೇ ಮೂಡುತ್ತಿತ್ತೆಂದೂ, ತಂದೆ ಎಂದರೆ ನೆಚ್ಚಬಹುದಾದವರು, ಆದರೆ ಬಲವಿಲ್ಲದವರು ಎಂಬ ಭಾವ ಬೇರೂರಿತೆಂದೂ ಅವರು ಬರೆಯುತ್ತಾರೆ. ಒಂಬತ್ತು ವರ್ಷಗಳ ತರುವಾಯ ತಂಗಿ ಹುಟ್ಟುವವರೆಗೆ ಮನೆಯಲ್ಲಿ ಮತ್ತೊಂದು ಮಗುವಿರಲಿಲ್ಲ. ಹತ್ತನೆಯ ವಯಸ್ಸಿನಲ್ಲಿ ಆ ಬಾಲಕ ಅಳತೆಪಟ್ಟಿಯ ತುದಿಯನ್ನು ಕೆತ್ತಿ ಪುಟ್ಟದೊಂದು ಗೊಂಬೆಯನ್ನು ಮಾಡಿ, ರೈನ್ ನದಿಯ ನುಣುಪು ಕಲ್ಲೊಂದನ್ನು ಅದಕ್ಕೆ ಜೊತೆಯಾಗಿರಿಸಿ, ಲೇಖನಿಪೆಟ್ಟಿಗೆಯಲ್ಲಿ ಮಲಗಿಸಿ ಅಟ್ಟದ ತೊಲೆಯ ಮೇಲೆ ಬಚ್ಚಿಟ್ಟನು. ಮನಸ್ಸು ನೊಂದಾಗ ಆ ಗೊಂಬೆಯನ್ನು ನೆನೆದರೆ ಅವನಿಗೆ ಸಮಾಧಾನವಾಗುತ್ತಿತ್ತು. ಮನೆಯಲ್ಲಿ ತಾಯಿಯೂ ತಂದೆಯೂ ಇದ್ದು ಮಗು ತನ್ನ ದುಃಖವನ್ನು ಅಟ್ಟದ ಮೇಲಿನ ಗೊಂಬೆಗೆ ಒಪ್ಪಿಸುತ್ತಿತ್ತು ಎಂಬುದನ್ನು ಓದಿದಾಗ ಯಾವ ತಾಯಿತಂದೆಗಳ ಎದೆಯೂ ಮಿಡಿಯದಿರಲಾರದು.

ಹನ್ನೆರಡನೆಯ ವರ್ಷದಲ್ಲಿ ನಡೆದ ಪ್ರಸಂಗವೊಂದು ಈ ಗ್ರಂಥದಲ್ಲಿ ಅತ್ಯಂತ ಬೋಧಪ್ರದವಾದುದು. ಬಾಸೆಲಿನ ಚರ್ಚಿನ ಚೌಕದಲ್ಲಿ ಸಹಪಾಠಿಯೊಬ್ಬನು ದೂಡಿದ್ದರಿಂದ ಬಾಲಕ ಬಿದ್ದು ತಲೆಗೆ ಪೆಟ್ಟಾಯಿತು. ಬೀಳುತ್ತಿರುವಾಗಲೇ, ಇನ್ನು ಶಾಲೆಗೆ ಹೋಗುವ ಕಾಟ ತಪ್ಪಿತು ಎಂಬ ಆಲೋಚನೆ ಮಿಂಚಿತಂತೆ. ಅಂದಿನಿಂದ ಪಾಠದ ಮಾತೆತ್ತಿದರೆ ಸಾಕು, ಮೂರ್ಛೆ. ಆರು ತಿಂಗಳಿಗೂ ಹೆಚ್ಚು ಕಾಲ ಶಾಲೆ ನಿಂತಿತು. ವೈದ್ಯರು ಅಪಸ್ಮಾರವಿರಬಹುದೆಂದು ಶಂಕಿಸಿದರು. ಒಂದು ದಿನ ತಂದೆಯು ಮನೆಗೆ ಬಂದ ಅತಿಥಿಯೊಡನೆ ತೋಟದಲ್ಲಿ ಮಾತನಾಡುತ್ತಿದ್ದುದನ್ನು ಬಾಲಕ ಮರೆಯಲ್ಲಿದ್ದು ಕೇಳಿದನು. ಇದ್ದ ಅಲ್ಪಸ್ವಲ್ಪ ಹಣವೂ ಕರಗಿಹೋಯಿತು, ಹುಡುಗನು ನಾಳೆ ತನ್ನ ಅನ್ನವನ್ನು ತಾನು ದುಡಿಯಲಾರದೆ ಹೋದರೆ ಗತಿಯೇನು ಎಂದು ತಂದೆ ಹಲುಬುತ್ತಿದ್ದರು. ಆ ಮಾತು ಮಗನಿಗೆ ಸಿಡಿಲಿನಂತೆ ತಾಕಿತು. ಅವನು ನೇರವಾಗಿ ತಂದೆಯ ಓದುವ ಕೋಣೆಗೆ ಹೋಗಿ ಲ್ಯಾಟಿನ್ ವ್ಯಾಕರಣವನ್ನು ಬಿಡಿಸಿ ಕುಳಿತನು. ಮೂರ್ಛೆ ಬಂದಿತು, ಎದ್ದು ಮತ್ತೆ ಓದಿದನು. ಮತ್ತೆ ಬಂದಿತು, ಮತ್ತೆ ಓದಿದನು. ಮೂರನೆಯದಾದ ಮೇಲೆ ಅದು ಅವನನ್ನು ಬಿಟ್ಟುಹೋಯಿತು. ಮನೋರೋಗವೆಂದರೇನೆಂಬುದನ್ನು ತಾವು ಕಲಿತದ್ದು ಅಂದು ಎಂದು ಯೂಂಗರು ಹೇಳುತ್ತಾರೆ.

ಇಲ್ಲಿ ನಮ್ಮದೊಂದು ಆಕ್ಷೇಪಣೆ ಇದೆ. ಯೂಂಗರು ಈ ಪ್ರಸಂಗದಿಂದ ರೋಗದ ಸ್ವರೂಪವನ್ನು ಗ್ರಹಿಸಿದರು. ಔಷಧದ ಸ್ವರೂಪವನ್ನು ಅಷ್ಟಾಗಿ ವಿಚಾರಿಸಲಿಲ್ಲ. ಮಗನನ್ನು ಎಬ್ಬಿಸಿ ಕೂಡಿಸಿದುದು ಯಾವುದು? ವೈದ್ಯರ ಮದ್ದಲ್ಲ, ಉಪದೇಶವೂ ಅಲ್ಲ. ಮಗನಿಗೆ ಕೇಳಿಸಲೆಂದು ಆಡದೆ, ತನ್ನ ಸಂಕಟವನ್ನು ಇನ್ನೊಬ್ಬರೊಡನೆ ತೋಡಿಕೊಂಡ ತಂದೆಯ ಮಾತು ಅದು. ಬಲವಿಲ್ಲದವರೆಂದು ಮಗ ಬಗೆದಿದ್ದ ತಂದೆಯ ದೈನ್ಯವೇ ಮಗನಿಗೆ ಬಲವಾಯಿತು. ಮುಂದೆ ಅಸಂಖ್ಯ ರೋಗಿಗಳ ಮಾತಿಗೆ ಕಿವಿಗೊಟ್ಟ ವೈದ್ಯನ ಮೊದಲ ಚಿಕಿತ್ಸೆ ನಡೆದದ್ದು ತಂದೆಯಿಂದ. ಗ್ರಂಥದಲ್ಲಿ ಈ ಋಣವನ್ನು ಒಪ್ಪಿಕೊಂಡ ವಾಕ್ಯವನ್ನು ನಾವು ಹುಡುಕಬೇಕಾಗುತ್ತದೆ.

ಇನ್ನು ಧರ್ಮದ ಮಾತಿಗೆ ಬರೋಣ. ಹದಿಹರೆಯದಲ್ಲಿ ಕ್ರೈಸ್ತ ಬಾಲಕರಿಗೆ ನಡೆಯುವ ದೃಢೀಕರಣ ಸಂಸ್ಕಾರಕ್ಕೆ ಪೂರ್ವಭಾವಿಯಾಗಿ ತಂದೆಯೇ ಮಗನಿಗೆ ಪಾಠ ಹೇಳಿದರು. ಪಾಠ ಬೇಸರ ತರುತ್ತಿತ್ತು. ಪುಸ್ತಕವನ್ನು ಮಗುಚಿ ನೋಡುತ್ತಿದ್ದ ಬಾಲಕನ ಕಣ್ಣಿಗೆ ತ್ರಿಯೇಕತ್ವದ ಪ್ರಕರಣ ಬಿದ್ದಿತು. ಮೂವರು ಒಬ್ಬರಾಗುವುದು ಹೇಗೆ? ಇದನ್ನಾದರೂ ತಿಳಿಯಬೇಕೆಂದು ಅವನು ಆತುರದಿಂದ ಕಾದನು. ಆ ಪ್ರಕರಣ ಬಂದಾಗ ತಂದೆಯು, ಇದನ್ನು ಬಿಟ್ಟುಬಿಡೋಣ, ನನಗೇ ಇದು ಏನೂ ಅರ್ಥವಾಗುವುದಿಲ್ಲ ಎಂಬರ್ಥದ ಮಾತನ್ನಾಡಿ ಮುಂದಕ್ಕೆ ಹೋದರು. ಮಗನು ತಂದೆಯ ಪ್ರಾಮಾಣಿಕತೆಯನ್ನು ಮೆಚ್ಚಿದನಾದರೂ ಅವನ ಆಸೆ ಕಮರಿತು. ತರುವಾಯ ಮೊದಲ ಪ್ರಭುಭೋಜನದ ದಿನ ರೊಟ್ಟಿಯನ್ನು ತಿಂದು ದ್ರಾಕ್ಷಾರಸವನ್ನು ಕುಡಿದು ಕಾದನು, ಏನೂ ಘಟಿಸಲಿಲ್ಲ. ಇದು ತನ್ನ ಪಾಲಿಗೆ ಧರ್ಮವೇ ಅಲ್ಲವೆಂದು ಅವನಿಗೆ ತೋರಿತು.

ಇದಕ್ಕೂ ಮುಂಚೆ, ದೇವರನ್ನು ಕುರಿತ ಭಯಂಕರ ಆಲೋಚನೆಯೊಂದು ಬಂದು ಬಾಲಕನು ರಾತ್ರಿಗಳನ್ನು ನಿದ್ರೆಯಿಲ್ಲದೆ ಕಳೆದಿದ್ದನು. ಅದನ್ನು ಇಲ್ಲಿ ವಿವರಿಸಬೇಕಾದುದಿಲ್ಲ. ಆ ಆಲೋಚನೆಯನ್ನು ಧೈರ್ಯದಿಂದ ಎದುರಿಸಿದಾಗ ಅವನಿಗೆ ದೊರೆತದ್ದು ಶಿಕ್ಷೆಯಲ್ಲ, ಕೃಪೆ. ಆ ಕೃಪೆಯನ್ನು ತನ್ನ ತಂದೆ ಅರಿಯರು, ಅವರು ನಂಬುತ್ತಾರೆಯೇ ಹೊರತು ಕಂಡವರಲ್ಲ ಎಂಬುದು ಅಂದಿನಿಂದ ಯೂಂಗರ ತೀರ್ಮಾನವಾಯಿತು. ಅನುಭಾವದ ಮಹಿಮೆಯನ್ನು ಕೇಳಿ ಬೆಳೆದ ನಮ್ಮ ವಾಚಕರಿಗೆ ಈ ತೀರ್ಮಾನ ಒಡನೆಯೇ ಹಿಡಿಸಬಹುದು. ಓದಿದ್ದು ಬೇರೆ, ಕಂಡದ್ದು ಬೇರೆ ಎಂಬುದು ನಮಗೂ ಪರಿಚಿತವಾದ ವಿವೇಕ. ಆದರೆ ನಿಲ್ಲಿ, ತಂದೆಯ ಪಕ್ಷವನ್ನೂ ಕೇಳಬೇಕು.

ಪೌಲ್ ಯೂಂಗರು ಅಲ್ಪ ವಿದ್ಯಾವಂತರಾಗಿರಲಿಲ್ಲ. ಪೌರಸ್ತ್ಯ ಭಾಷೆಗಳನ್ನು ಅಭ್ಯಾಸ ಮಾಡಿ, ಹಳೆಯ ಒಡಂಬಡಿಕೆಯ ಒಂದು ಗ್ರಂಥದ ಅರಬ್ಬಿ ಪಾಠವನ್ನು ಕುರಿತು ಪ್ರಬಂಧ ಬರೆದವರು. ಬಾಳು ಅವರನ್ನು ಹಳ್ಳಿಯ ಚರ್ಚಿಗೆ ತಂದು ನಿಲ್ಲಿಸಿತು. ಒಳಗೆ ಶ್ರದ್ಧೆ ಬತ್ತುತ್ತಿದ್ದರೂ ಭಾನುವಾರದ ಪ್ರವಚನ ತಪ್ಪಲಿಲ್ಲ. ಕೊನೆಯ ವರ್ಷಗಳಲ್ಲಿ ಅವರು ಮನಸ್ಸಿನ ಮೇಲೆ ಸೂಚನೆಯ ಪ್ರಭಾವವನ್ನು ಕುರಿತು ಫ್ರಾನ್ಸಿನ ಬರ್ನ್‌ಹೈಮ್ ಬರೆದ ಗ್ರಂಥವನ್ನು ಓದುತ್ತಿದ್ದರು. ಅದನ್ನು ಜರ್ಮನ್ ಭಾಷೆಗೆ ತಂದವರು ಸಿಗ್ಮಂಡ್ ಫ್ರಾಯ್ಡ್. ಅಂದರೆ ಮಗನು ಮುಂದೆ ಹಿಡಿಯಲಿದ್ದ ದಾರಿಯ ಬಾಗಿಲನ್ನು ತಂದೆಯು ತನ್ನ ಸಂಕಟದಲ್ಲಿ ಆಗಲೇ ತಟ್ಟುತ್ತಿದ್ದರು. ಮಗನು ಇದನ್ನು ವರದಿ ಮಾಡುತ್ತಾನೆ, ಆದರೆ ತಂದೆಯನ್ನು ಸಹಪಥಿಕನೆಂದು ಕಾಣುವುದಿಲ್ಲ.

ಯೂಂಗರಿಗೆ ಹದಿನಾಲ್ಕು ವರ್ಷವಾಗಿದ್ದಾಗ ತಂದೆಯು ಅವರನ್ನು ಲೂಸರ್ನ್ ಸರೋವರದ ದಡದ ವಿಟ್ಸ್‌ನೌ ಎಂಬಲ್ಲಿಗೆ ಕರೆದೊಯ್ದರು. ಅಲ್ಲಿಂದ ರಿಗಿ ಪರ್ವತಕ್ಕೆ ಹಲ್ಲುಹಳಿಯ ರೈಲು ಏರುತ್ತದೆ; 1871ರಲ್ಲಿ ಪ್ರಾರಂಭವಾದ ಅದು ಯೂರೋಪಿನಲ್ಲಿ ಆ ಬಗೆಯ ಮೊದಲನೆಯದು. ಶಿಖರವು 1,798 ಮೀಟರ್ ಎತ್ತರ. ತಂದೆಯು ಒಂದೇ ಒಂದು ಟಿಕೆಟನ್ನು ಮಗನ ಕೈಯಲ್ಲಿಟ್ಟು, ನೀನೊಬ್ಬನೇ ಹೋಗಿ ಬಾ, ಇಬ್ಬರಿಗೂ ಎಂದರೆ ಖರ್ಚು ಹೆಚ್ಚಾಗುತ್ತದೆ, ನಾನು ಇಲ್ಲಿಯೇ ಇರುತ್ತೇನೆ ಎಂದರು. ಶಿಖರದ ಮೇಲೆ ನಿಂತಾಗ ಬಾಲಕನಿಗೆ ತನ್ನದೇ ಆದ ಲೋಕವೊಂದು ತೆರೆದಂತಾಯಿತು. ತಂದೆಯು ತಮಗೆ ಕೊಟ್ಟ ಕೊಡುಗೆಗಳಲ್ಲೆಲ್ಲ ಅದೇ ಅತ್ಯಮೂಲ್ಯವಾದುದೆಂದು ಯೂಂಗರು ಮನಸಾರೆ ಬರೆದಿದ್ದಾರೆ.

ಮಠದ ಪ್ರಸಾದನಿಲಯಗಳಲ್ಲಿ ಉಂಡು, ಓದಿ, ದೂರದ ಊರುಗಳಲ್ಲಿ ನೆಲೆಸಿರುವ ವಾಚಕರೇ, ಈ ಪ್ರಸಂಗವನ್ನು ನೀವು ಬೇರೆ ವೇಷದಲ್ಲಿ ಕಂಡವರಲ್ಲವೇ? ಇದ್ದ ಹಣ ಒಬ್ಬರ ಪ್ರಯಾಣಕ್ಕೆ ಮಾತ್ರ ಸಾಲುತ್ತಿದ್ದುದರಿಂದ ಮಗನನ್ನು ಬಸ್ಸು ಹತ್ತಿಸಿ, ತಾನು ಹೊಲದ ಕಡೆಗೆ ತಿರುಗಿದ ತಂದೆ ನಮ್ಮಲ್ಲಿ ಎಷ್ಟು ಮಂದಿಗೆ ಇರಲಿಲ್ಲ? ಮೇಲೇರಿದ ಮಗನಿಗೆ ಕೆಳಗೆ ನಿಂತ ತಂದೆ ಚಿಕ್ಕವನಾಗಿ ಕಾಣುವುದು ದೃಷ್ಟಿಯ ಸಹಜ ದೋಷ. ಎತ್ತರದಿಂದ ನೋಡಿದರೆ ಎಲ್ಲರೂ ಚಿಕ್ಕವರೇ. ಆ ಎತ್ತರಕ್ಕೆ ಟಿಕೆಟು ಕೊಂಡವರು ಯಾರು ಎಂಬುದನ್ನು ಮರೆತಾಗ ಮಾತ್ರ ಅದು ಅಪರಾಧವಾಗುತ್ತದೆ. ಯೂಂಗರು ಟಿಕೆಟನ್ನು ಮರೆಯಲಿಲ್ಲ. ಆದರೆ ತ್ರಿಯೇಕತ್ವದ ಪಾಠದಲ್ಲಿ ಸೋತ ತಂದೆ, ರಿಗಿಯ ತಪ್ಪಲಿನಲ್ಲಿ ನಿಂತ ತಂದೆ, ಇವರಿಬ್ಬರೂ ಒಬ್ಬರೇ ಎಂಬುದನ್ನು ಅವರ ಗ್ರಂಥ ಎಲ್ಲಿಯೂ ಕೂಡಿಸಿ ನೋಡುವುದಿಲ್ಲ. ನಾನು ಏರಲಾರದ ಕಡೆಗೆ ನೀನು ಏರು ಎಂಬ ಒಂದೇ ಮಾತನ್ನು ಆ ತಂದೆ ಎರಡು ಸಲ ಆಡಿದರೆಂದು ನಮಗೆ ತೋರುತ್ತದೆ.

ತಂದೆಯು 1896ರ ಜನವರಿಯಲ್ಲಿ ತೀರಿಕೊಂಡರು. ಯೂಂಗರು ಆಗ 20 ವರ್ಷದ ವೈದ್ಯವಿದ್ಯಾರ್ಥಿ. ಮರಣಶಯ್ಯೆಯಲ್ಲಿ ತಂದೆಯು ಪರೀಕ್ಷೆಯಲ್ಲಿ ತೇರ್ಗಡೆಯಾದೆಯಾ ಎಂಬ ಭಾವದಿಂದ ಮಗನ ಮುಖ ನೋಡಿದರು. ಮಗನು ಚೆನ್ನಾಗಿ ಆಯಿತೆಂದು ಸುಳ್ಳಾಡಿ ಸಮಾಧಾನಪಡಿಸಿದನು. ತಂದೆ ನಿಟ್ಟುಸಿರುಬಿಟ್ಟು ಕಣ್ಣು ಮುಚ್ಚಿದರು. ಕೆಲವು ದಿನಗಳ ಮೇಲೆ ತಾಯಿಯು, ನಿನ್ನ ಪಾಲಿಗೆ ಅವರು ಸಕಾಲದಲ್ಲಿ ಹೋದರು ಎಂಬಂತೆ ನುಡಿದುದು ಮಗನನ್ನು ನಡುಗಿಸಿತು. ಆದರೂ ಅವನು ತಂದೆಯ ಕೋಣೆಯನ್ನು ತನ್ನದಾಗಿಸಿಕೊಂಡು, ಮನೆವಾರ್ತೆಯ ಹಣವನ್ನು ವಾರವಾರವೂ ತಾಯಿಯ ಕೈಗೆ ಕೊಡತೊಡಗಿದನು. ಆರು ವಾರಗಳು ಕಳೆದಾಗ ತಂದೆ ಕನಸಿನಲ್ಲಿ ಬಂದು, ರಜೆ ಮುಗಿಯಿತು, ಮನೆಗೆ ಬರುತ್ತಿದ್ದೇನೆ ಎಂದರು. ಅವರ ಕೋಣೆಯನ್ನು ಆಕ್ರಮಿಸಿದುದಕ್ಕಾಗಿ, ಅವರನ್ನು ಸತ್ತವರೆಂದು ಭಾವಿಸಿದುದಕ್ಕಾಗಿ ಮಗನು ನಾಚಿದನು. ಈ ಪುಟಗಳು ಸರಳವಾಗಿವೆ, ಸತ್ಯವಾಗಿವೆ. ಇವುಗಳನ್ನು ಬರೆದ ಕೈಗೆ ನಾವು ನಮಿಸಬೇಕು.

ಒಬ್ಬ ತಂದೆಯನ್ನು ಕಳೆದುಕೊಂಡ ಯೂಂಗರಿಗೆ ಇನ್ನೊಬ್ಬ ತಂದೆ ದೊರೆತರು. 1907ರಲ್ಲಿ ಭೇಟಿಯಾದ ಫ್ರಾಯ್ಡರು ಅವರಿಗಿಂತ 19 ವರ್ಷ ಹಿರಿಯರು. ಅವರನ್ನು ತಮ್ಮ ಉತ್ತರಾಧಿಕಾರಿ, ಪಟ್ಟದ ಯುವರಾಜ ಎಂದು ಕರೆದವರು. 1909ರಲ್ಲಿ ಇಬ್ಬರೂ ಹಡಗಿನಲ್ಲಿ ಅಮೆರಿಕಕ್ಕೆ ಹೋದಾಗ ಒಬ್ಬರ ಕನಸನ್ನು ಮತ್ತೊಬ್ಬರು ಬಿಡಿಸುತ್ತಿದ್ದರು. ಫ್ರಾಯ್ಡರ ಕನಸೊಂದಕ್ಕೆ ಅವರ ಖಾಸಗಿ ಬಾಳಿನ ವಿವರ ಬೇಕಾಯಿತು. ಯೂಂಗರು ಕೇಳಿದಾಗ ಫ್ರಾಯ್ಡರು ಸಂಶಯದಿಂದ ನೋಡಿ, ತಮ್ಮ ಅಧಿಕಾರಕ್ಕೆ ಕುಂದು ತಂದುಕೊಳ್ಳಲಾರೆನೆಂದು ನಿರಾಕರಿಸಿದರು. ಆ ಕ್ಷಣದಲ್ಲಿಯೇ ಅವರ ಅಧಿಕಾರ ತಮ್ಮ ಪಾಲಿಗೆ ಮುಗಿಯಿತೆಂದು ಯೂಂಗರು ಬರೆಯುತ್ತಾರೆ. 1913ರಲ್ಲಿ ಸಂಬಂಧ ಕಡಿದುಹೋಯಿತು.

ವಾಚಕರೇ, ಈ ಇಬ್ಬರು ತಂದೆಗಳನ್ನು ಒಟ್ಟಿಗೆ ನಿಲ್ಲಿಸಿ ನೋಡಿ. ಒಬ್ಬರು ನನಗೆ ತಿಳಿಯದು ಎಂದರು. ಇನ್ನೊಬ್ಬರು ನನ್ನ ಅಧಿಕಾರ ಹೋದೀತು ಎಂದರು. ಮಗನ ಪ್ರಶ್ನೆಯ ಮುಂದೆ ಮೊದಲನೆಯವರು ತಮ್ಮ ಪೀಠವನ್ನು ಬಿಟ್ಟುಕೊಟ್ಟರು. ಎರಡನೆಯವರು ಪೀಠವನ್ನು ಹಿಡಿದುಕೊಂಡರು. ಯೂಂಗರಿಗೆ ಇಬ್ಬರೂ ನಿರಾಶೆಯನ್ನೇ ಉಂಟುಮಾಡಿದರು. ಆದರೆ ಇವೆರಡೂ ಒಂದೇ ತೂಕದ ನಿರಾಶೆಗಳೇ? ಹಳ್ಳಿಯ ಪಾದ್ರಿಯ ಮಾತಿನಲ್ಲಿ ಅಹಂಕಾರವಿರಲಿಲ್ಲ. ತಿಳಿಯದುದನ್ನು ತಿಳಿದಂತೆ ನಟಿಸಿ ಮಗನ ಬಾಯಿ ಮುಚ್ಚಿಸುವುದು ಅವರಿಗೆ ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಅವರ ತಪ್ಪಿದ್ದುದು ತಿಳಿಯದೆಂದು ಹೇಳಿದುದರಲ್ಲಿ ಅಲ್ಲ, ಅಲ್ಲಿಗೇ ಪುಟ ತಿರುಗಿಸಿದುದರಲ್ಲಿ. ತಿಳಿಯದು, ಬಾ ಮಗನೇ, ಇಬ್ಬರೂ ಕೂಡಿ ಹುಡುಕೋಣ ಎಂದಿದ್ದರೆ ಈ ಆತ್ಮಕಥೆಯೇ ಬೇರೆಯಾಗುತ್ತಿತ್ತೇನೋ. ಹಾಗೆಯೇ ಮಗನೂ ಒಂದು ಸಲವಾದರೂ ತನ್ನ ರಾತ್ರಿಗಳ ಸಂಕಟವನ್ನು ತಂದೆಯ ಮುಂದೆ ಬಿಚ್ಚಿಡಲಿಲ್ಲ. ತಂದೆ ಅರಿಯರೆಂದು ತೀರ್ಮಾನಿಸಿದನೇ ಹೊರತು ಕೇಳಿ ನೋಡಲಿಲ್ಲ. ಮೌನವು ಎರಡು ಕಡೆಯಿಂದಲೂ ಇತ್ತು.

ಯೂಂಗರ ಬಾಳಿಗೂ ನಮ್ಮ ನಾಡಿಗೂ ಒಂದು ಕಿರುಸಂಬಂಧವುಂಟು. 1938ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ನಡೆದ ಇಂಡಿಯನ್ ಸೈನ್ಸ್ ಕಾಂಗ್ರೆಸ್ಸಿನ ರಜತೋತ್ಸವದ ಕಾಲಕ್ಕೆ ಭಾರತಕ್ಕೆ ಬಂದಿದ್ದ ಅವರು, ಮೈಸೂರಿನ ಮಹಾರಾಜರ ಅತಿಥಿಯಾಗಿಯೂ ಇದ್ದರು. ಮಹಾರಾಜರ ಗುರುಗಳಾದ ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಸಂಭಾಷಿಸಿದರು. ಆದರೆ ಸಾಧುಸಂತರ ದರ್ಶನವನ್ನು ಬೇಕೆಂದೇ ದೂರವಿಟ್ಟರು. ತಾನು ಸ್ವತಃ ಗಳಿಸಲಾರದುದನ್ನು ಪರರಿಂದ ಪಡೆದರೆ ಅದು ಕಳವಾಗುತ್ತದೆ ಎಂಬುದು ಅವರ ಭಾವನೆ. ಇದರಲ್ಲಿ ಸ್ವಾಭಿಮಾನವಿದೆ, ಪ್ರಾಮಾಣಿಕತೆಯೂ ಇದೆ. ಬಾಗುವುದಕ್ಕೆ ಹಿಂಜರಿಕೆಯೂ ಇಲ್ಲದಿಲ್ಲ. ಈ ಹಿಂಜರಿಕೆಯ ಬೇರು ತಂದೆಯ ಪಾಠದ ಮೇಜಿನ ಬಳಿಯೇ ಇದೆಯೆಂದು ಗ್ರಂಥದ ಉತ್ತರಭಾಗದ ಒಂದು ಕನಸು ತೋರಿಸಿಕೊಡುತ್ತದೆ.

ಆ ಕನಸಿನಲ್ಲಿ ತಂದೆಯು ಸಮಾಧಿಗಳ ಪಾಲಕರಾಗಿ, ಮಹಾವಿದ್ವಾಂಸರಾಗಿ ಇದ್ದಾರೆ. ಮೀನಿನ ಚರ್ಮದ ಹೊದಿಕೆಯುಳ್ಳ ದೊಡ್ಡದೊಂದು ಬೈಬಲನ್ನು ತೆಗೆದು ಅರ್ಥ ಹೇಳತೊಡಗುತ್ತಾರೆ. ಆ ಪಾಂಡಿತ್ಯದ ವೇಗಕ್ಕೆ ಮಗನಿಗೆ ಒಂದೂ ಹಿಡಿತಕ್ಕೆ ಸಿಕ್ಕುವುದಿಲ್ಲ. ಜೊತೆಯಲ್ಲಿದ್ದ ಮನೋವೈದ್ಯರಿಬ್ಬರು ಮುದುಕರಿಗೆ ಅರಳುಮರುಳೆಂದು ಬಗೆಯುತ್ತಾರೆ! ತರುವಾಯ ತಂದೆ ಮಗನನ್ನು ಒಂದು ಸಭಾಮಂದಿರಕ್ಕೆ ಕರೆದೊಯ್ಯುತ್ತಾರೆ. ಅದು ಫತೇಪುರ ಸಿಕ್ರಿಯಲ್ಲಿರುವ ಅಕ್ಬರನ ದಿವಾನ್-ಇ-ಖಾಸ್ ಮಂದಿರದಂತೆ ಇದೆ. ಪರಮಸನ್ನಿಧಿಗೆ ನಿನ್ನನ್ನು ಕರೆದೊಯ್ಯುವೆನೆಂದು ಹೇಳಿ ತಂದೆ ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸುತ್ತಾರೆ. ಮಗನೂ ಬಾಗುತ್ತಾನೆ. ಆದರೆ ಅವನ ಹಣೆ ನೆಲವನ್ನು ಮುಟ್ಟುವುದಿಲ್ಲ. ನಡುವೆ ಒಂದು ಮಿಲಿಮೀಟರಿನಷ್ಟು ತೆರಪು ಉಳಿಯುತ್ತದೆ.

ಯೂಂಗರು ಈ ತೆರಪನ್ನು ಮಾನವನ ಸ್ವಾತಂತ್ರ್ಯವೆಂದು ವ್ಯಾಖ್ಯಾನಿಸುತ್ತಾರೆ. ಸೃಷ್ಟಿಯು ಸೃಷ್ಟಿಕರ್ತನ ಮುಂದೆಯೂ ಪೂರ್ಣವಾಗಿ ಮೂಕವಾಗಬಾರದೆಂಬುದು ಅವರ ಭಾವ. ನಾವು ಅದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಪ್ರಶ್ನಿಸುವ ಬುದ್ಧಿಯನ್ನು ಭಕ್ತಿಯು ಕೊಲ್ಲಬೇಕಾದುದಿಲ್ಲ. ಆದರೆ ಕನಸು ಹೇಳುತ್ತಿರುವ ಇನ್ನೊಂದು ಮಾತೂ ಇದೆ. ಎಚ್ಚರದಲ್ಲಿ ತಿಳಿಯದವರೆನಿಸಿದ್ದ ತಂದೆ ಕನಸಿನಲ್ಲಿ ತಿಳಿದವರಾಗಿದ್ದಾರೆ, ತಿಳಿಯಲಾರದವನು ಮಗ. ಎಚ್ಚರದಲ್ಲಿ ಪುಟ ತಿರುಗಿಸಿದ ತಂದೆ ಕನಸಿನಲ್ಲಿ ಕೈಹಿಡಿದು ಸನ್ನಿಧಿಗೆ ನಡೆಸುತ್ತಾರೆ. ಅರ್ಧ ಶತಮಾನ ಮೀರಿ ತಡೆಹಿಡಿದ ಗೌರವವನ್ನು ಮನಸ್ಸು ತಾನಾಗಿ ತಂದೆಗೆ ಸಲ್ಲಿಸುತ್ತಿದೆ. ಉಳಿದ ಆ ತೆರಪು ದೇವರಿಗೂ ಮಾನವನಿಗೂ ನಡುವಿನದು ಮಾತ್ರವಲ್ಲ, ತಂದೆಗೂ ಮಗನಿಗೂ ನಡುವಿನದೂ ಹೌದೆಂದು ನಮ್ಮ ಎಣಿಕೆ.

ಗ್ರಂಥದ ನ್ಯೂನತೆಗಳನ್ನೂ ಹೇಳದೆ ಬಿಡಲಾಗದು. 1903ರಿಂದ 1955ರವರೆಗೆ ಬಾಳನ್ನು ಹಂಚಿಕೊಂಡ ಪತ್ನಿ ಎಮ್ಮಾ ಅವರಾಗಲಿ ಐವರು ಮಕ್ಕಳಾಗಲಿ ಇಲ್ಲಿ ಬರುವುದು ಎಡೆಎಡೆಯಲ್ಲಿ ಮಾತ್ರ. ತಂಗಿಯದೂ ಅಷ್ಟೇ. ತನ್ನ ತಂದೆಯನ್ನು ಇಷ್ಟು ತೂಗಿ ನೋಡಿದವರು ತಾವು ಎಂತಹ ತಂದೆಯಾಗಿದ್ದರೆಂದು ಒಂದು ಪುಟವನ್ನೂ ಬರೆಯಲಿಲ್ಲ. ಆಸ್ಪತ್ರೆಗೆ ಹೋದ ತಾಯಿಯಿಂದ ಮಗುವಿಗಾದ ನೋವನ್ನು ಹೇಳಿದ ವೈದ್ಯರು, ಆ ತಾಯಿಯ ನೋವೇನಿತ್ತೆಂದು ಹೆಚ್ಚು ವಿಚಾರಿಸಲಿಲ್ಲ. ಮಗನಾಗಿ ಬರೆದುದು ತುಂಬಿದೆ; ತಂದೆಯಾಗಿ, ಪತಿಯಾಗಿ ಬರೆಯಬೇಕಾದುದು ಬರಿದಾಗಿದೆ. ಹೀಗಿದ್ದರೂ ತನ್ನ ವಿರುದ್ಧವೇ ಸಾಕ್ಷಿ ನುಡಿಯುವ ಕನಸನ್ನು ಮರೆಮಾಡದೆ ಬರೆದಿಟ್ಟ ಗ್ರಂಥವಿದು. ಅದೇ ಇದರ ದೊಡ್ಡಸ್ತಿಕೆ.

ಕೊನೆಯದಾಗಿ, ತಾಯಿತಂದೆಗಳಾದ ವಾಚಕರಲ್ಲಿ ಒಂದು ವಿನಂತಿ. ಮಕ್ಕಳು ಧರ್ಮವನ್ನು ಕುರಿತು ಕೇಳಿದಾಗ ಗದರಿಸಬೇಡಿ, ಪುಟ ತಿರುಗಿಸಲೂಬೇಡಿ. ತಿಳಿಯದಿದ್ದರೆ ತಿಳಿಯದೆನ್ನಿ, ಹೇಳಿದ ಮೇಲೆ ಅವರ ಜೊತೆಯಲ್ಲಿಯೇ ಕುಳಿತಿರಿ. ಮಕ್ಕಳಾದ ವಾಚಕರಲ್ಲಿಯೂ ಒಂದು ವಿನಂತಿ. ನಿಮಗೆ ಟಿಕೆಟು ಕೊಂಡುಕೊಟ್ಟು ತಪ್ಪಲಿನಲ್ಲಿ ನಿಂತವರು ಇನ್ನೂ ಅಲ್ಲಿದ್ದರೆ, ಈ ಸಂಚಿಕೆಯನ್ನು ಮಡಿಸಿಟ್ಟು ಒಮ್ಮೆ ಊರಿಗೆ ಹೋಗಿ ಬನ್ನಿ. ಕೇಳದೆ ಉಳಿದ ಮಾತನ್ನು ಕೇಳಿ. ಯೂಂಗರು ಕನಸಿನಲ್ಲಿ ಕೇಳಬೇಕಾದುದನ್ನು ನೀವು ಎಚ್ಚರದಲ್ಲಿಯೇ ಕೇಳುವ ಭಾಗ್ಯವುಳ್ಳವರು.